ಯಾರೂ ಓದದ ಪತ್ರಗಳನ್ನು ಮಕ್ಕಳಿಂದ ಬರೆಸಿದ್ದು ಸಾಕು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ರಾಜ್ಯಕ್ಕೆ ಇದ್ದಕ್ಕಿದ್ದಂತೆ ಮಕ್ಕಳ ಓದಿನ ಚಿಂತೆ ಹತ್ತುತ್ತದೆ. ಯಾವ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಕುಸಿಯಿತು, ಯಾವ ಡಿಡಿಪಿಐಗೆ ನೋಟಿಸ್ ಹೋಯಿತು, ಕನ್ನಡದಲ್ಲೇ ಎಷ್ಟು ಮಂದಿ ಫೇಲಾದರು ಎಂಬ ಲೆಕ್ಕಾಚಾರ ವಾರಗಟ್ಟಲೆ ಓಡುತ್ತದೆ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ಕೃಪಾಂಕವನ್ನು ಧಾರಾಳವಾಗಿ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಕೃಪಾಂಕ ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34ಕ್ಕೆ ಬಂದು ನಿಂತಿತು. ಇದಾದ ಮೇಲೆ ಸರ್ಕಾರಕ್ಕೆ ಹೊಳೆದ ಮದ್ದು, ತೇರ್ಗಡೆಯ ಗೆರೆಯನ್ನು ಶೇ 35ರಿಂದ 33ಕ್ಕೆ ಇಳಿಸುವುದು.

ಮಕ್ಕಳ ಮೇಲಿನ ಹೊರೆ ಇಳಿಯಿತು ಎಂದು ಒಂದು ಗುಂಪು, ಗುಣಮಟ್ಟ ಮಣ್ಣುಪಾಲಾಯಿತು ಎಂದು ಇನ್ನೊಂದು ಗುಂಪು ಕಿತ್ತಾಡುತ್ತಿವೆ. ಕಿತ್ತಾಟದ ನಡುವೆಯೂ ಇಬ್ಬರೂ ಒಂದು ವಿಷಯದಲ್ಲಿ ರಾಜಿಯಾಗಿದ್ದಾರೆ: ಓದು-ಬರಹ ಎಂದರೆ ಪರೀಕ್ಷೆಯ ಮೇಜಿನ ಮೇಲೆ ಮೂರು ಗಂಟೆ ನಡೆಯುವ ಕೆಲಸ. ನನ್ನ ತಕರಾರು ಇರುವುದು ಈ ರಾಜಿಯ ಬಗ್ಗೆಯೇ. ಹತ್ತು ವರ್ಷ ಕನ್ನಡ ಕಲಿತ ಹುಡುಗಿ ಶಾಲೆಯ ಗೇಟು ದಾಟಿದ ಮೇಲೆ ಆ ಅಕ್ಷರಗಳಿಂದ ಏನು ಮಾಡುತ್ತಾಳೆ ಎಂದು ಕೇಳದ ಹೊರತು 35 ಆದರೇನು, 33 ಆದರೇನು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡೇ ಈ ಮಾತಾಡುತ್ತಿದ್ದೇನೆ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಸಾಕ್ಷರತೆ ಶೇ 74.39. ಹೆಂಗಸರಲ್ಲಿ ಅದು ಶೇ 67ರ ಹತ್ತಿರ. ಅಂದರೆ ಸಾವಿರಾರು ಮನೆಗಳಲ್ಲಿ ಬಂದ ಕಾಗದವನ್ನು ಓದಿ ಹೇಳಬೇಕಾದವರು ಶಾಲೆಗೆ ಹೋಗುವ ಮಕ್ಕಳೇ. ಅವರ ಮನೆಗೆ ಬರುವ ಕಾಗದಗಳು ಯಾವುವು? ಹಾಲಿನ ಡೈರಿಯಲ್ಲಿ ಕೊಡುವ ಫ್ಯಾಟು, ಎಸ್‌ಎನ್‌ಎಫ್ ಬರೆದ ಚೀಟಿ, ಪಹಣಿ, ಜಾಬ್ ಕಾರ್ಡು, ರೇಷನ್ ಕಾರ್ಡು, ಸಂಘದ ಸಾಲದ ಪುಸ್ತಕ, ಆಸ್ಪತ್ರೆಯ ಚೀಟಿ, ಮಂಡಿಯ ಪಟ್ಟಿ. ಇವುಗಳಲ್ಲಿ ಒಂದಾದರೂ ಹತ್ತು ವರ್ಷಗಳಲ್ಲಿ ತರಗತಿಯ ಒಳಗೆ ಬಂದು ಕರಿಹಲಗೆಯ ಮೇಲೆ ಕೂತದ್ದುಂಟೆ?

ಮಂಡಿಯ ಪಟ್ಟಿಯನ್ನೇ ತೆಗೆದುಕೊಳ್ಳಿ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ.ಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ದೇಶವೇ ನೋಡಿತು. ಅದೇ ಬಾಕ್ಸನ್ನು ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಹರಾಜು ಮುಗಿದ ಮೇಲೆ ರೈತನ ಕೈಗೆ ಒಂದು ಚೀಟಿ ಬರುತ್ತದೆ. ಉದಾಹರಣೆಗೆ, 40 ಬಾಕ್ಸು, ದರ 300, ಒಟ್ಟು 12,000 ಎಂದಿಟ್ಟುಕೊಳ್ಳಿ. ಅದರ ಕೆಳಗೆ ಕಮಿಷನ್ ಶೇ 10ರಂತೆ 1,200, ಗಾಡಿ ಬಾಡಿಗೆ 600, ಹಮಾಲಿ 120. ಕೈಗೆ ಬರುವುದು 10,080. ಹಿಂದೆ ಪಡೆದ ಮುಂಗಡ ಇದ್ದರೆ ಅದೂ ಮುರಿದು ಹೋಗುತ್ತದೆ. ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತ ಅಲ್ಲ. ಅಧಿಕೃತ ಲೆಕ್ಕ ತಿರುವಳಿ ಪಟ್ಟಿಯ ಬದಲು ಬಿಳಿ ಚೀಟಿ ಕೊಟ್ಟು ಕಮಿಷನ್ ಮುರಿದುಕೊಳ್ಳುತ್ತಾರೆ ಎಂಬುದು ರೈತ ಸಂಘಟನೆಗಳ ಹಳೆಯ ದೂರು.

ಈ ಒಂದು ಚೀಟಿಯಲ್ಲಿ ಏನೇನಿದೆ ನೋಡಿ. ಏಳನೇ ತರಗತಿಯ ಶೇಕಡಾವಾರು ಲೆಕ್ಕ ಇದೆ. ಸಮಾಜ ವಿಜ್ಞಾನದ ಮಾರುಕಟ್ಟೆಯ ಪಾಠ ಇದೆ. ಬರೆದದ್ದನ್ನು ಓದುವ, ಬರೆಯದೆ ಬಿಟ್ಟದ್ದನ್ನು ಕೇಳುವ ಭಾಷೆಯ ಪಾಠವೂ ಇದೆ. ಆದರೆ ನಮ್ಮ ಗಣಿತದ ಪುಸ್ತಕದಲ್ಲಿ ಅಂಗಡಿಯವನೊಬ್ಬ ಪೆನ್ನು ಕೊಂಡು ಲಾಭಕ್ಕೆ ಮಾರುತ್ತಾನೆ. ಮಗುವಿನ ಅಪ್ಪ ಟೊಮೆಟೊ ಮಾರಿ ನಷ್ಟಕ್ಕೆ ಬಂದ ಲೆಕ್ಕವನ್ನು ಯಾರೂ ಮಾಡಿಸುವುದಿಲ್ಲ.

ಓದಿನ ಪಾಡು ಹೀಗಾದರೆ ಬರವಣಿಗೆಯ ಪಾಡು ಇನ್ನೂ ಕೇಡು. ಪ್ರಥಮ ಭಾಷೆಯ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ತಪ್ಪುವುದಿಲ್ಲ. ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ, ಬೀದಿದೀಪ ಹಾಕಿಸುವಂತೆಯೋ ಬಸ್ಸು ಬಿಡಿಸುವಂತೆಯೋ ಕೋರಿ ಪತ್ರ ಬರೆಯಿರಿ ಎಂಬ ಧಾಟಿಯ ಪ್ರಶ್ನೆ ಅದು. ಊರು ಸುಳ್ಳು, ಹೆಸರು ಸುಳ್ಳು, ಬೀದಿದೀಪ ಸುಳ್ಳು. ಬಲಗಡೆ ದಿನಾಂಕ, ಎಡಗಡೆ ‘ಇಂದ’, ಅದರ ಕೆಳಗೆ ‘ಗೆ’, ಮಾನ್ಯರೇ, ವಿಷಯ, ಒಡಲು, ‘ಇತಿ ತಮ್ಮ ವಿಶ್ವಾಸಿ’. ಒಂದೊಂದಕ್ಕೂ ಅರ್ಧರ್ಧ ಅಂಕ. ಪರೀಕ್ಷೆಗೆ ತಿಂಗಳಿರುವಾಗ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಇದನ್ನೇ ಉರು ಹೊಡೆಸುತ್ತದೆ. ಗಾದೆ ವಿಸ್ತರಣೆಗೆ ‘ಗಾದೆಗಳು ವೇದಗಳಿಗೆ ಸಮಾನ’ ಎಂಬ ಪೀಠಿಕೆ ಎಲ್ಲ ಗಾದೆಗೂ ಒಗ್ಗುತ್ತದೆ. ಹೀಗೆ ಮಕ್ಕಳು ವರ್ಷಕ್ಕೆ ಲಕ್ಷಾಂತರ ಮನವಿಪತ್ರ ಬರೆಯುತ್ತಾರೆ. ಅವುಗಳಲ್ಲಿ ಒಂದೂ ಒಂದು ಬಲ್ಬು ಹೊತ್ತಿಸಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಷ್ಟೂ ಬರವಣಿಗೆ ವ್ಯರ್ಥ.

ಪತ್ರ ಬರೆಯಬೇಕಾದ ಸಂಗತಿಗಳಿಗೆ ಈ ಸೀಮೆಯಲ್ಲಿ ಬರವೇ? 2025ರ ಜೂನ್‌ನಲ್ಲಿ ಕರ್ನಾಟಕದ ತೋತಾಪುರಿ ಮಾವು ಒಳಗೆ ಬಾರದಂತೆ ಚಿತ್ತೂರು ಜಿಲ್ಲಾಡಳಿತ ತಡೆ ಹಾಕಿತು. ಗಡಿಯಾಚೆಯ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು, ಪಟ್ಟಣ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಬಳಿಕ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿಯಂತೆ ಬೆಂಬಲ ಬೆಲೆಯ ನೆರವು ಒಪ್ಪಿತು. ಶಾಲೆಗಳು ಆಗತಾನೇ ಶುರುವಾಗಿದ್ದ ಜೂನ್ ಅದು. ಪತ್ರಿಕೆಯ ಸುದ್ದಿ ಓದಿಸಲು, ಎರಡು ರಾಜ್ಯಗಳ ವಾದವನ್ನು ಅಕ್ಕಪಕ್ಕ ಇಟ್ಟು ಚರ್ಚಿಸಲು, ಮಕ್ಕಳಿಂದಲೇ ಒಂದು ಪತ್ರ ಬರೆಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪಠ್ಯಪುಸ್ತಕ ಸಮಿತಿ ರೂಪಿಸಿಕೊಡಬಲ್ಲದು? ಮಾವಿನ ತೋಟದ ಮಗು ಮಾತ್ರ ಪ್ಯಾಕೇಜಿನ ಪತ್ರವನ್ನು ಕಾಪಿ ಮಾಡುತ್ತ ಕೂತಿತ್ತು.

ಕೆ.ಸಿ. ವ್ಯಾಲಿಯ ಕತೆಯೂ ಅಷ್ಟೇ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಜಿಲ್ಲೆಯ 126 ಕೆರೆ ತುಂಬಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಿತ್ತು. ಮೂರನೇ ಹಂತದ ಶುದ್ಧೀಕರಣ ಬೇಕೋ ಬೇಡವೋ ಎಂಬ ಜಗಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೀರಿನ ಪರೀಕ್ಷಾ ವರದಿಗಳು ರಾಶಿ ಬಿದ್ದವು. ಆ ಕೆರೆಯ ಏರಿಯ ಮೇಲೆ ನಡೆದು ಶಾಲೆಗೆ ಹೋಗುವ ಮಕ್ಕಳಿಗೆ ಅಂಥ ಒಂದು ವರದಿಯನ್ನಾದರೂ ಕನ್ನಡದಲ್ಲಿ ಓದಿಸಬಹುದಿತ್ತು. ಓದಿಸಲಿಲ್ಲ. ವಿಜ್ಞಾನದ ಪಾಠದಲ್ಲಿ ‘ನೀರು ಮಾಲಿನ್ಯದ ಕಾರಣಗಳನ್ನು ಪಟ್ಟಿ ಮಾಡಿ’ ಎಂದು ಬರೆಸಿದೆವು.

ಹೀಗೆಂದರೆ ಮೊದಲು ಬರುವ ಉತ್ತರ, ‘ಮೊದಲು ಅಕ್ಷರ ಬರಲಿ, ಆಮೇಲೆ ನೋಡೋಣ’ ಎಂಬುದು. ಒಪ್ಪುವ ಮಾತಿನಂತೆ ಕೇಳಿಸುತ್ತದೆ. ಆದರೆ ನಮ್ಮ ರಾಜ್ಯದ್ದೇ ನಲಿಕಲಿ ಎಂಬ ಕಲಿಕಾ ಪದ್ಧತಿ ಈ ಮಾತನ್ನು ಅರ್ಧ ಸುಳ್ಳು ಮಾಡಿ ತೋರಿಸಿದೆ. ನಲಿಕಲಿಯ ಬೇರು ನಮ್ಮ ಪಕ್ಕದಲ್ಲೇ ಇದೆ, ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯಲ್ಲಿ. ಅಲ್ಲಿನ ತೆಲುಗು ಹಳ್ಳಿಶಾಲೆಗಳಲ್ಲಿ ಬೆಳೆದ ಕಾರ್ಡು ಪದ್ಧತಿಯನ್ನು 1995ರಲ್ಲಿ ಮೈಸೂರಿನ ಎಚ್.ಡಿ. ಕೋಟೆಯ ಶಿಕ್ಷಕರು ಕನ್ನಡಕ್ಕೆ ತಂದರು. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂತು. ಶ್ರೀನಿವಾಸಪುರದ ಗಡಿಯಿಂದ ಹೊರಟದ್ದು ಕೋಟೆಯನ್ನು ಸುತ್ತಿ ಶ್ರೀನಿವಾಸಪುರಕ್ಕೇ ಬಂತು ಅನ್ನಿ. ಅದು ಅ, ಆ, ಇ, ಈ ಎಂಬ ವರ್ಣಮಾಲೆಯ ಸಾಲನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಶುರುಮಾಡುತ್ತದೆ. ಐದು ಅಕ್ಷರ ಬಂದರೆ ಮಗು ಸರ, ಅರಸ, ಗರಗಸ ಓದುತ್ತದೆ. ಅದೇ ಐದು ಅಕ್ಷರಗಳಲ್ಲಿ ‘ದರ’ವೂ ಇದೆ. ಎಪಿಎಂಸಿಯ ಬೋರ್ಡಿನಿಂದ ಹಿಡಿದು ತರಕಾರಿ ಅಂಗಡಿಯ ರಟ್ಟಿನ ತನಕ ಎಲ್ಲೆಲ್ಲೂ ಕಾಣುವ ಪದ ಅದು. ಒಂದನೇ ತರಗತಿಯ ಮೊದಲ ತಿಂಗಳುಗಳಲ್ಲೇ ಮಗು ಬೀದಿಯಲ್ಲಿ ಓದಲು ಸಾಧ್ಯ. ‘ಇವತ್ತು ಮನೆಗೆ ಹೋಗುವಾಗ ದರ ಎಂದು ಎಲ್ಲೆಲ್ಲಿ ಬರೆದಿದೆ ನೋಡಿಕೊಂಡು ಬಾ’ ಎಂದು ಹೇಳಲು ಖರ್ಚೇನೂ ಇಲ್ಲ. ಆದರೆ ಕಾರ್ಡು ಮುಗಿದರೆ ಮುಂದಿನ ಕಾರ್ಡು, ಮೆಟ್ಟಿಲು ಹತ್ತಿದರೆ ಮುಂದಿನ ಮೆಟ್ಟಿಲು. ತರಗತಿಯಲ್ಲಿ ಕಟ್ಟಿದ ಕಲಿಕಾ ಚಪ್ಪರದ ಆಚೆ ಓದು ಕಾಲಿಡುವುದಿಲ್ಲ. ಮೂರನೇ ತರಗತಿ ದಾಟಿದ ಮೇಲೆ ಕಾರ್ಡೂ ಇಲ್ಲ, ಬರೀ ಪ್ರಶ್ನೋತ್ತರ.

ಅಕ್ಷರವೂ ಬಳಕೆಯೂ ಒಟ್ಟಿಗೆ ಬೆಳೆಯುತ್ತವೆ ಎಂಬುದಕ್ಕೆ ಇರಾನಿನ ಒಂದು ಅಧ್ಯಯನ ನಮಗೆ ಹೇಳಿಮಾಡಿಸಿದಂತಿದೆ. ಬ್ರಿಯಾನ್ ಸ್ಟ್ರೀಟ್ ಎಂಬ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಮಶ್ಹದ್ ಬಳಿಯ ಬೆಟ್ಟದ ಹಳ್ಳಿಗಳಲ್ಲಿ ಹಣ್ಣು ಬೆಳೆಗಾರರ ನಡುವೆ ಇದ್ದು, ಅವರ ಓದು-ಬರಹವನ್ನು ಗಮನಿಸಿ 1984ರಲ್ಲಿ ಪುಸ್ತಕ ಬರೆದರು. ಪೆಟ್ಟಿಗೆಗೆ ಹೆಸರು ಹಾಕುವುದು, ಲೆಕ್ಕ ಇಡುವುದು, ಚೀಟಿ ಬರೆಯುವುದು ಆ ವ್ಯಾಪಾರಕ್ಕೆ ಬೇಕಿತ್ತು. ಅದು ಅವರಿಗೆ ಒಲಿದದ್ದು ಸರ್ಕಾರದ ಹೊಸ ಶಾಲೆಯಿಂದಲ್ಲ, ಹಳ್ಳಿಯ ಹಳೆಯ ಧಾರ್ಮಿಕ ಪಾಠಶಾಲೆಯಾದ ಮಕ್ತಬ್‌ನಲ್ಲಿ ಕಲಿತ ಓದನ್ನು ವ್ಯಾಪಾರಕ್ಕೆ ಹೊಂದಿಸಿಕೊಂಡದ್ದರಿಂದ. ಊರಿನ ನಡುವೆ ಇದ್ದ ಓದು ಊರಿನ ಕೆಲಸಕ್ಕೆ ಬಂತು. ಮಾವು, ಟೊಮೆಟೊ ಬೆಳೆಯುವ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ.

ಎರಡನೇ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ‘ಬಡವರ ಮಕ್ಕಳು ಮಂಡಿ ಚೀಟಿ ಓದಿಕೊಂಡಿರಲಿ, ಉಳ್ಳವರ ಮಕ್ಕಳು ಇಂಗ್ಲಿಷ್ ಕಾದಂಬರಿ ಓದಲಿ ಅನ್ನುತ್ತೀರಾ?’ ಎಂದು ದಲಿತ ತಂದೆಯೊಬ್ಬ ಕೇಳಿದರೆ ಆ ಸಿಟ್ಟು ನ್ಯಾಯವಾದದ್ದು. ಮಗ ಮಂಡಿಯಿಂದ ಆಚೆ ಹೋಗಲಿ ಎಂದೇ ಆತ ಶಾಲೆಗೆ ಕಳಿಸಿದ್ದು. ಆದರೆ ಇದೇ ಜಿಲ್ಲೆಯ ದಲಿತ ಚಳವಳಿಯ ಇತಿಹಾಸ ಏನು ಹೇಳುತ್ತದೆ? ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕೋಲಾರದ ಹುಡುಗರಿಗೆ ಓದು ಆಯುಧವಾದದ್ದು ಹಾಸ್ಟೆಲ್ ಕೋಣೆಗಳಲ್ಲಿ, ದಲಿತ ಸಂಘರ್ಷ ಸಮಿತಿಯ ಕರಪತ್ರಗಳಲ್ಲಿ, ಗೋಡೆ ಬರಹಗಳಲ್ಲಿ, ಹೋರಾಟದ ಹಾಡುಗಳಲ್ಲಿ. ಅಲ್ಲಿಂದಲೇ ಕೋಟಿಗಾನಹಳ್ಳಿ ರಾಮಯ್ಯನವರಂಥ ಬರಹಗಾರರು ಬಂದರು, ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಎದ್ದಿತು. ಭೂಮಿ ಮಂಜೂರಾತಿಯ ಕಾಗದವನ್ನು ಓದಲು ಕಲಿತವನು ಕವಿತೆಯಿಂದ ದೂರ ಹೋಗಲಿಲ್ಲ. ಚೀಟಿಯನ್ನು ತರಗತಿಗೆ ತರುವುದು ಮಗುವನ್ನು ಮಂಡಿಯಲ್ಲೇ ಉಳಿಸಲು ಅಲ್ಲ. ಅಪ್ಪನಿಂದ ಕಮಿಷನ್ ಯಾಕೆ ಹಿಡಿದಿರಿ ಎಂದು ಕೇಳುವ ಧೈರ್ಯ ಮಗುವಿಗೆ ಬರಲಿ ಎಂದು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರಿಗೂ ಇದು ಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ನಡೆಸಿದ ದಾಂಧಲೆಗೆ ಹಿನ್ನೆಲೆಯಾಗಿದ್ದದ್ದು ಸಂಬಳ, ಹಾಜರಾತಿಗಳ ಲೆಕ್ಕದ ತಕರಾರು. ಸಂಬಳದ ಚೀಟಿ ಓದುವುದನ್ನೂ, ತಕರಾರನ್ನು ಬರವಣಿಗೆಯಲ್ಲಿ ಕೊಡುವುದನ್ನೂ ಹತ್ತು ವರ್ಷದ ಶಾಲೆ ಕಲಿಸದಿದ್ದರೆ ಇನ್ಯಾರು ಕಲಿಸಬೇಕು?

ಈ ಓದು-ಬರಹ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೂ ಇದೆಯಲ್ಲ, ಮನೆಮಾತಿನ ವಿಚಾರಕ್ಕೆ ಬರೋಣ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಊರುಗಳಲ್ಲಿ ಮನೆಯ ಮಾತು ತೆಲುಗು. ಆಟ, ಜಗಳ, ಹರಾಜು, ದೇವರ ಹಾಡು ಎಲ್ಲವೂ ತೆಲುಗಿನಲ್ಲೇ. ಒಂದನೇ ತರಗತಿಗೆ ಬಂದ ಮಗುವಿನ ಬಾಯಿಂದ ತೆಲುಗು ಬಂದರೆ ಗದರುವ ಪದ್ಧತಿ ಕನ್ನಡಕ್ಕೆ ಮಾಡುವ ಉಪಕಾರ ಅಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅದರಿಂದ ಕನ್ನಡ ಬಡವಾಗಲಿಲ್ಲ, ಕನ್ನಡಕ್ಕೆ ಸಣ್ಣಕತೆಯ ದೊಡ್ಡ ಪರಂಪರೆ ಸಿಕ್ಕಿತು. ಮಗು ತನ್ನಜ್ಜಿ ಹೇಳಿದ ತೆಲುಗು ಕತೆಯನ್ನು ತರಗತಿಯಲ್ಲಿ ತೆಲುಗಿನಲ್ಲೇ ಹೇಳಲಿ, ಎಲ್ಲರೂ ಸೇರಿ ಅದನ್ನು ಕನ್ನಡದಲ್ಲಿ ಬರೆಯಲಿ. ಕನ್ನಡದಲ್ಲಿ ಬರೆಯಲು ಮಗುವಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಇದೇ ಉತ್ತರ: ಬಳಕೆಯಿಲ್ಲದ ಕನ್ನಡದ ಜಾಗಕ್ಕೆ ಬಳಕೆಯಿಲ್ಲದ ಇಂಗ್ಲಿಷ್ ಬಂದು ಕೂರುತ್ತದೆ, ಅಷ್ಟೇ.

ಮೂರನೇ ಆಕ್ಷೇಪ ಶಿಕ್ಷಕರದ್ದು. ಮೊಟ್ಟೆ ಬೇಯಿಸುವ ಲೆಕ್ಕ, ಆ್ಯಪಿಗೆ ಫೋಟೊ ಏರಿಸುವ ಕೆಲಸ, ಚುನಾವಣೆ, ಸಮೀಕ್ಷೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರೂ ಅವರೇ. ಅದಕ್ಕಾಗಿ ದಸರಾ ರಜೆಯನ್ನೇ ಎಳೆಯಬೇಕಾಯಿತು. ಇವರ ತಲೆಯ ಮೇಲೆ ಇನ್ನೊಂದು ‘ಕಾರ್ಯಕ್ರಮ’ ಹೇರಬೇಡಿ ಎಂಬ ಮಾತಿಗೆ ನನ್ನ ಪೂರ್ತಿ ಸಮ್ಮತಿ. ಹೊಸ ಹೆಸರಿನ, ಹೊಸ ಬ್ಯಾನರಿನ ಯೋಜನೆ ಬೇಡವೇ ಬೇಡ. ಓದು ಕರ್ನಾಟಕ, ಕಲಿಕಾ ಚೇತರಿಕೆ, ಮರುಸಿಂಚನ ಎಂದು ಒಂದರ ಹಿಂದೊಂದು ಬಂದವು. ಪ್ರತಿಯೊಂದರ ಜತೆಗೂ ತುಂಬಬೇಕಾದ ನಮೂನೆಗಳೂ ಬಂದವು. ನಾನು ಕೇಳುತ್ತಿರುವುದು ಈಗಾಗಲೇ ಇರುವುದನ್ನು ಜೋಡಿಸಿ ಎಂದು.

ಏನಿದೆ ಈಗಾಗಲೇ? ಪ್ರತಿ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು ಎಂಬ ಸರ್ಕಾರದ ಸೂಚನೆ ಇದೆ. ಸಾಮಾನ್ಯವಾಗಿ ನವೆಂಬರ್ 14ರ ಆಸುಪಾಸಿನಲ್ಲಿ ಶುರುವಾಗುವ ಈ ಸಭೆಯಲ್ಲಿ ಮಕ್ಕಳು ಅಧ್ಯಕ್ಷರ, ಪಿಡಿಒ ಎದುರು ಕುಂದುಕೊರತೆ ಹೇಳಬಹುದು. ಎಷ್ಟೋ ಕಡೆ ಅದು ಸ್ವಾಗತ, ಭಾಷಣ, ಬಿಸ್ಕತ್ತು, ಗ್ರೂಪ್ ಫೋಟೊಗಳಲ್ಲಿ ಮುಗಿಯುತ್ತದೆ. ಒಂದು ಕಡೆ ಉತ್ತರವೇ ಬಾರದ ಸುಳ್ಳು ಪತ್ರ, ಇನ್ನೊಂದು ಕಡೆ ಪತ್ರವೇ ಬಾರದ ನಿಜವಾದ ಸಭೆ. ಇವೆರಡನ್ನು ಜೋಡಿಸಲು ಯಾವ ಬಜೆಟ್ಟೂ ಬೇಕಿಲ್ಲ.

ಗ್ರಂಥಾಲಯವೂ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕೊರೊನಾದಿಂದ ಶಾಲೆ ಮುಚ್ಚಿದ್ದ ದಿನಗಳಲ್ಲಿ ತೆರೆದಿದ್ದ ಬಾಗಿಲು ಅದು, ಒಳ್ಳೆಯ ಕೆಲಸ ಅಂತಲೇ ಹೇಳಬೇಕು. ಇಂದು ಅವು ‘ಅರಿವು ಕೇಂದ್ರ’ಗಳು. ಆದರೆ ಶಾಲೆಗೆ ಗ್ರಂಥಾಲಯದ ಪರಿವೆ ಇಲ್ಲ, ಗ್ರಂಥಾಲಯಕ್ಕೆ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ. ವಾರಕ್ಕೊಂದು ಅವಧಿಯನ್ನು ತರಗತಿಯೇ ಅಲ್ಲಿಗೆ ಹೋಗಿ ಕಳೆಯಲಿ. ಮನೆ ಕಂದಾಯದ ರಸೀತಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲೊಂದು ಇದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಅದು ಶೇ 6. ಮಕ್ಕಳು ಆ ರಸೀತಿಯನ್ನು ತರಗತಿಯಲ್ಲಿ ಓದಲಿ, ನಮ್ಮೂರಿನಿಂದ ಈ ಹಣ ಎಷ್ಟು ಹೋಯಿತು, ಎಷ್ಟು ಪುಸ್ತಕ ಬಂತು ಎಂದು ಗ್ರಾಮಸಭೆಯಲ್ಲಿ ಕೇಳಲಿ.

ಶಾಲೆಯ ಆಚೆಗೂ ಓದು-ಬರಹದ ಲೋಕ ಇರಬೇಕು ಎಂಬುದಕ್ಕೆ ಈ ಜಿಲ್ಲೆಯದ್ದೇ ಉದಾಹರಣೆ ಇದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ ಎಂಬುದನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಫೇಲಾದ ಮಕ್ಕಳಿಗೆ ಸಮಾಧಾನ ಹೇಳಲು ಆ ಮಾತನ್ನು ಬಳಸುವುದು ಸೋಗಲಾಡಿತನ. ಅವರನ್ನು ಕೈಹಿಡಿದದ್ದು ಪತ್ರಿಕೋದ್ಯಮ, ದಿನನಿತ್ಯದ ಸಾರ್ವಜನಿಕ ಬರವಣಿಗೆ, ಓದುವ ಜನರ ಒಡನಾಟ. ಅಂಥ ಆಚೆಯ ಲೋಕವೊಂದು ಇಲ್ಲದ ಕಡೆ ಫೇಲಾದ ಮಗುವಿಗೆ ಗುಂಡಪ್ಪನವರ ಕಗ್ಗದ ಹೆಸರು ಹೇಳಿ ಪ್ರಯೋಜನವಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಪ್ರಥಮ ಭಾಷೆಯ ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು, ಮಗು ನಿಜವಾಗಿ ಬರೆದು ನಿಜವಾಗಿ ಕಳಿಸಿದ ಪತ್ರಕ್ಕೆ ಇಲಾಖೆ ಮೀಸಲಿಡಲಿ. ನಾಲ್ಕೂ ತಾಲ್ಲೂಕುಗಳ ಬಿಇಒಗಳು ಈ ನವೆಂಬರ್‌ಗೆ ಮುಂಚೆ ಪ್ರತಿ ಪ್ರೌಢಶಾಲೆಯಿಂದ ಅಂಥ ಪತ್ರಗಳನ್ನು ಮಕ್ಕಳ ಗ್ರಾಮಸಭೆಗೆ ಮುಟ್ಟಿಸಲಿ. ಪಿಡಿಒಗಳು ಪ್ರತಿ ಪತ್ರಕ್ಕೂ ಸಹಿ ಹಾಕಿದ ಲಿಖಿತ ಉತ್ತರ ಕೊಡಲಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದೇ ಬರೆಯಲಿ, ಅದೂ ಮಕ್ಕಳು ಓದಬೇಕಾದ ಪಾಠ. ಎಸ್‌ಡಿಎಂಸಿಯ ಅಪ್ಪ ಅಮ್ಮಂದಿರೇ, ಈ ಸಲ ಶಾಲೆಗೆ ಹೋದಾಗ ಮಗನಿಗೆ, ಮಗಳಿಗೆ ಎಷ್ಟು ಅಂಕ ಬಂತು ಎಂದು ಕೇಳಿ, ತಪ್ಪಿಲ್ಲ. ಅದರ ಜತೆಗೆ, ನಮ್ಮ ಮಕ್ಕಳು ಬರೆದ ಪತ್ರಕ್ಕೆ ಪಂಚಾಯಿತಿಯಿಂದ ಉತ್ತರ ಬಂತೇ ಎಂದೂ ಕೇಳಿ.